ಎಣ್ಣೆ ಹಚ್ಚಿದ ರೂಪಾಯಿ

ಅಬಚಿ ತೀರಿಕೊಂಡ ಮೇಲೆ ಅವಳ ಹಳೆಯ ಬೆಳ್ಳಿ ರೂಪಾಯಿಗಳು ನನ್ನ ಪಾಲಿಗೆ ಬಂದವು. ಅಬಚಿ ಅಂದರೆ ನಮ್ಮ ಧಾರವಾಡದ ಕಡೆ ಅವ್ವನ ತಂಗಿ. ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನಾವಿರುವ ಟವರಿನ ಹೆಂಗಸರಿಗೆ ಈ ಸುದ್ದಿ ನನ್ನ ಸೊಸೆಯಿಂದ ತಲುಪಿತು. ಈಗ ಲಿಫ್ಟಿನಲ್ಲಿ ಸಿಕ್ಕವರೆಲ್ಲ, "ಆಂಟೀ, ಕಾಯಿನ್ ಕಲೆಕ್ಷನ್ ಮಿಲಾ ನಾ? ಸೋ ಲಕ್ಕಿ!" ಅನ್ನುತ್ತಾರೆ. ನಾನು ಥ್ಯಾಂಕ್ ಯೂ ಅನ್ನುತ್ತೇನೆ. ಯಾರಾದರೂ ಕಾಂಪ್ಲಿಮೆಂಟ್ ಕೊಟ್ಟರೆ ವಾದ ಮಾಡಬಾರದು, ಥ್ಯಾಂಕ್ ಯೂ ಹೇಳಿ ಸುಮ್ಮನಾಗಬೇಕು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಅಲ್ಲಿ ಕಲಿತದ್ದರಲ್ಲಿ ಬಹಳಷ್ಟು ಮರೆತಿದೆ, ಇದು ಉಳಿದಿದೆ.

ಕಲೆಕ್ಷನ್ ಎಂಬ ಮಾತು ಅಬಚಿಯ ಬಾಯಲ್ಲಿ ಎಂದೂ ಬರಲಿಲ್ಲ. ಅವಳು ಆ ರೂಪಾಯಿಗಳಿಗೆ 'ಕೂಸುಗೋಳು' ಅನ್ನುತ್ತಿದ್ದಳು.

ಅವ್ವನ ತವರಿನಲ್ಲಿ ಒಂದು ಪದ್ಧತಿ ಇತ್ತು. ತೊಟ್ಟಿಲು ಹಾಕುವ ದಿನ, ಕಿವಿಯಲ್ಲಿ ಹೆಸರು ಕೂಗುವ ಮೊದಲು, ಕೂಸಿನ ಮುಷ್ಟಿ ಬಿಡಿಸಿ ಒಂದು ಬೆಳ್ಳಿ ರೂಪಾಯಿ ಇಡುವುದು. ಕೂಸು ಅದನ್ನು ಬಿಗಿಯಾಗಿ ಹಿಡಿದರೆ, "ಶಾಣ್ಯಾ ಅದ, ಮನಿ ನಡಸ್ತದ" ಅನ್ನುತ್ತಿದ್ದರು. ಬಿಟ್ಟುಬಿಟ್ಟರೆ, "ಧಾರಾಳ ಕೈ, ದಾನಧರ್ಮ ಮಾಡ್ತದ" ಅನ್ನುತ್ತಿದ್ದರು. ಯಾವ ಕೂಸೂ ಈ ಪರೀಕ್ಷೆಯಲ್ಲಿ ಫೇಲ್ ಆಗುತ್ತಿರಲಿಲ್ಲ. ರೂಪಾಯಿಗಳೆಲ್ಲ ಒಂದೇ ತಂಬಿಗೆಯವು. ಮುತ್ತಜ್ಜ ಯಾವ ಕಾಲದಲ್ಲೋ ತುಂಬಿಟ್ಟದ್ದು, ರಾಣಿಯ ಮುಖದವು ಕೆಲವು, ರಾಜರ ಮುಖದವು ಕೆಲವು. ಹೆಣ್ಣುಮಕ್ಕಳು ಹುಬ್ಬಳ್ಳಿ, ಬೆಳಗಾವಿ ಬಿಟ್ಟು ಮುಂಬೈ ಕಡೆ ಸಂಸಾರ ಹೂಡಿದರೂ ತಂಬಿಗೆಯ ರೂಪಾಯಿ ಹಿಂದೆಯೇ ಬರುತ್ತಿತ್ತು. ಒಮ್ಮೆ ಮುಷ್ಟಿಯಲ್ಲಿ ಇಟ್ಟ ಮೇಲೆ ಅದು ಆ ಕೂಸಿನದು, ಸಾಯುವ ತನಕ. ನನ್ನದು ಇನ್ನೂ ನನ್ನ ಕಪಾಟಿನಲ್ಲಿದೆ.

ಕೂಸು ಉಳಿಯದಿದ್ದರೆ ಅದರ ರೂಪಾಯಿಯನ್ನು ಏನು ಮಾಡಬೇಕು? ಇನ್ನೊಂದು ಕೂಸಿನ ಮುಷ್ಟಿಯಲ್ಲಿ ಇಡುವ ಹಾಗಿಲ್ಲ. ಖರ್ಚು ಮಾಡುವ ಹಾಗಿಲ್ಲ, ಸರಾಫನಿಗೆ ಕೊಟ್ಟು ಕರಗಿಸುವ ಹಾಗಿಲ್ಲ, ದೇವರ ಮುಂದೆ ಇಡುವ ಹಾಗೂ ಇಲ್ಲ. ಮನೆಯಲ್ಲಿ ಇಟ್ಟುಕೊಂಡರೆ ಮುಂದೆ ಹುಟ್ಟುವ ಕೂಸಿಗೆ ಒಳ್ಳೆಯದಲ್ಲ ಎಂಬ ಹೆದರಿಕೆ. ಆಗ ಮನೆಯ ಹಿರಿಯ ಹೆಂಗಸರಿಗೆ ಅಬಚಿ ನೆನಪಾದಳು. ಅವಳು ಮದುವೆಯಾಗಿ ಡೊಂಬಿವಲಿಯ ಒಂದು ಚಾಳಿಗೆ ಬಂದು ವರ್ಷಗಳಾಗಿದ್ದವು. ಮಕ್ಕಳಾಗಿರಲಿಲ್ಲ.

"ಆಕೀ ಕಡೆ ಕೊಟ್ಟುಬಿಡ್ರಿ. ಕೂಸಿಲ್ಲ ಕುನ್ನಿಲ್ಲ. ಆಕೀಗೆ ಏನ್ ತಟ್ಟತದ?"

ಈ ಮಾತನ್ನು ಅವಳ ಎದುರಿಗೇ ಆಡಿದ್ದರಂತೆ. ಅಬಚಿಯೇ ನನಗೆ ಹೇಳಿದ್ದು, ಕಾಯಿಪಲ್ಲೆ ಹೆಚ್ಚುತ್ತಾ, ಸಿಟ್ಟಿಲ್ಲದೆ. "ಖರೇನ ಅಲ್ಲೇನು? ನನಗೇನು ತಟ್ಟಬೇಕು ಇನ್ನ?" ಅಂದು ನಕ್ಕಿದ್ದಳು. ನಗುವಾಗ ಅವಳಿಗೆ ಸೆರಗು ಬಾಯಿಗೆ ಹಿಡಿಯುವ ರೂಢಿ. ಹಾಗಾಗಿ ಅದು ನಗುವೇ ಹೌದೋ ಎಂದು ನೋಡಲು ಆಗುತ್ತಿರಲಿಲ್ಲ.

ಅವಳು ಒಂದು ಕರಾರು ಹಾಕಿದಳು. ಬರೀ ರೂಪಾಯಿ ತರಬೇಡಿ, ಆ ಕೂಸಿನ ಕುಂಚಿಗೆಯ ತುಂಡೂ ತನ್ನಿ. ಕುಂಚಿಗೆ ಗೊತ್ತಲ್ಲ, ಎಳೆಗೂಸುಗಳ ತಲೆಗೆ ಟೊಪ್ಪಿಯ ಹಾಗೆ ಕೂತು ಬೆನ್ನ ಮೇಲೆ ಇಳಿಬೀಳುವ ಬಟ್ಟೆ. "ಎಲ್ಲಾ ರೂಪಾಯಿ ಒಂದ ಥರಾ ಇರ್ತಾವ. ಬಟ್ಟಿ ಇಲ್ಲಾಂದ್ರ ಯಾವುದು ಯಾರದಂತ ನನಗ ಗುರ್ತ ಹ್ಯಾಂಗ ಸಿಗಬೇಕು?" ಅಂದಳು. ಪ್ರತಿಯೊಂದು ರೂಪಾಯಿಯನ್ನೂ ಅದರದೇ ಬಟ್ಟೆಯಲ್ಲಿ ಸುತ್ತಿ, ದಪ್ಪ ದಪ್ಪ ಹೊಲಿಗೆ ಹಾಕಿ, ಒಂದು ದುಂಡನೆಯ ಬಿಸ್ಕೀಟು ಡಬ್ಬಿಯಲ್ಲಿ ಇಟ್ಟಳು. ಡಬ್ಬಿ ಅಟ್ಟದ ಮೇಲೆ, ಅಕ್ಕಿ ಪೀಪಾಯಿಯ ಹಿಂದೆ.

ವರ್ಷಕ್ಕೊಮ್ಮೆ ನರಕ ಚತುರ್ದಶಿಯ ಬೆಳಿಗ್ಗೆ ಅದನ್ನು ಇಳಿಸುತ್ತಿದ್ದಳು. ಗ್ಯಾಲರಿಯ ಬಿಸಿಲಿಗೆ ಹಳೆಯ ಸೀರೆ ಹಾಸಿ, ಗಂಟುಗಳನ್ನೆಲ್ಲ ಸಾಲಾಗಿ ಇಟ್ಟು, ಒಂದೊಂದರ ನೆತ್ತಿಗೂ ಬೆರಳಿನಿಂದ ಒಂದು ಹನಿ ಎಣ್ಣೆ. "ಎಲ್ಲಾರ ಮನ್ಯಾಗೂ ಇವತ್ತ ಕೂಸುಗೋಳಿಗೆ ಎಣ್ಣಿ ಹಚ್ಚಿ ಎರಿತಾರ. ಇವಕ್ಕ ಯಾರ ಹಚ್ಚಬೇಕು?" ಎರೆಯುತ್ತಿರಲಿಲ್ಲ, ಎಣ್ಣೆ ಮಾತ್ರ. ಪಕ್ಕದ ಖೋಲಿಯ ಮರಾಠಿ ಹೆಂಗಸು ಇಣುಕಿ, "ಕಾಕೂ, ಸಗಳೀ ಚಾಂದೀ ಆಹೇ ಕಾ?" ಎಂದು ಕೇಳಿದರೆ ಅಬಚಿ, "ನಾಹೀ ಗ, ಮಾಝೀ ಪೋರಂ ಆಹೇತ" ಅನ್ನುವಳು. ಬೆಳ್ಳಿ ಅಲ್ಲವೇ, ನನ್ನ ಮಕ್ಕಳು. ಆ ಹೆಂಗಸು ದೊಡ್ಡ ಜೋಕ್ ಕೇಳಿದ ಹಾಗೆ ನಗುತ್ತಾ ಹೋಗುವಳು.

ಆ ಡಬ್ಬಿಯಲ್ಲಿ ಒಂದು ನನ್ನ ಮಗಳದು.

ನಾನು ಆಗ ಇನ್ನೂ ಹುಡುಗಿಯೇ. ಠಾಣೆಯ ನಾಕಾದ ಹತ್ತಿರ ಎರಡು ಖೋಲಿಯ ಮನೆ, ಅತ್ತೆಯವರು, ಇವರು, ನಾನು. ಬಸುರಿಯಿದ್ದಾಗ ಕೂತು ಕೂತು ಒಂದು ಕುಂಚಿಗೆ ಹೊಲಿದೆ. ನಮ್ಮ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಬಹಳ ಸ್ಟ್ರಿಕ್ಟ್. ಹೊಲಿಗೆ ಅಕ್ಕಿಕಾಳಿಗಿಂತ ದೊಡ್ಡದಾದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಆ ಕೈ ನನಗೆ ಅಂಟಿಕೊಂಡಿತ್ತು. ತೆಳು ಹಳದಿ ಬಟ್ಟೆ, ಅಂಚಿಗೆ ಬಿಳಿ ದಾರದಲ್ಲಿ ಲೇಜಿ ಡೇಜಿ ಹೂಗಳು. ಅತ್ತೆ ನೋಡಿ, "ಇವು ಯಾವ ಇಂಗ್ಲಿಷ್ ಹೂವುವಾ? ವಾಸನಿ ಇಲ್ಲ, ಬಣ್ಣ ಇಲ್ಲ. ಒಂದ ಕೆಂಪು ಹೂವರೆ ಹಾಕಬೇಕಿತ್ತು" ಅಂದರು. ಆದರೆ ಬಂದವರಿಗೆಲ್ಲ ತೋರಿಸಿದವರೂ ಅವರೇ.

ತೊಟ್ಟಿಲು ಹಾಕಿದ ದಿನ ಅವಳು ರೂಪಾಯಿಯನ್ನು ಹಿಡಿದದ್ದು ಬಿಡಲೇ ಇಲ್ಲ. ಹೆಸರು ಕೂಗಿದ ನಾದಿನಿಯ ಬೆನ್ನಿಗೆ ಎಲ್ಲರೂ ಧಡಧಡ ಗುದ್ದಿದರು, ಪದ್ಧತಿಯಂತೆ, ಸ್ವಲ್ಪ ಹೆಚ್ಚೇ. ಆ ಗದ್ದಲಕ್ಕೂ ಮುಷ್ಟಿ ಸಡಿಲಾಗಲಿಲ್ಲ. ಹಿಡಿದುಕೊಂಡೇ ನಿದ್ದೆ ಹೋದಳು. ಅಬಚಿ ಬಗ್ಗಿ ನೋಡಿ, "ಏ, ಇದು ಸಾವಕಾರ್ತಿ. ಬಡ್ಡೀನೂ ಬಿಡೂದಿಲ್ಲ" ಅಂದಳು. ಎದ್ದ ಮೇಲೆ ನಾನೇ ಬೆರಳು ಒಂದೊಂದಾಗಿ ಬಿಡಿಸಿದೆ. ಅಂಗೈಯಲ್ಲಿ ರೂಪಾಯಿಯ ಅಂಚಿನ ಗುರುತು ದುಂಡಗೆ ಕೂತಿತ್ತು. ತಿಕ್ಕಿದರೆ ಹೋದೀತೆಂದು ತಿಕ್ಕಿದೆ, ಅವಳು ನಕ್ಕಳು. ಬಹುಶಃ ನಕ್ಕಿರಲಿಕ್ಕಿಲ್ಲ, ಅಷ್ಟು ಸಣ್ಣ ಕೂಸುಗಳು ನಗುವುದಿಲ್ಲ ಅನ್ನುತ್ತಾರೆ.

ಅವಳಿಗೆ ಹಲ್ಲು ಬರುವ ಮೊದಲೇ ಹೋದಳು. ನ್ಯುಮೋನಿಯಾ ಎಂದರು. ಗಂಡಸರು ಖಾಡಿಯ ಕಡೆ, ಊರಂಚಿನ ಉಪ್ಪುನೀರಿನ ದಂಡೆಗೆ, ಒಯ್ದು ಮಣ್ಣು ಮಾಡಿದರು. ತಾಯಂದಿರನ್ನು ಕರೆದೊಯ್ಯುವುದಿಲ್ಲ. ಯಾವ ಜಾಗ ಎಂದು ಇವರು ಹೇಳಲಿಲ್ಲ, ಆಮೇಲೆ ಇವರಿಗೇ ಗುರುತು ಸಿಗದಂತಾಯಿತು. ಈಗ ಆ ಕಡೆಯೆಲ್ಲ ಟವರುಗಳು, ಜಾಗಿಂಗ್ ಟ್ರ್ಯಾಕು. ನಾನು ದವಾಖಾನೆಯಿಂದ ಮನೆಗೆ ಬರುವಷ್ಟರಲ್ಲಿ ತೊಟ್ಟಿಲು, ದುಪಟಿ, ಹಾಲಿನ ಬಟ್ಟಲು ಎಲ್ಲ ಹೋಗಿದ್ದವು. ತೊಲೆಯಲ್ಲಿ ತೊಟ್ಟಿಲಿನ ಕೊಂಡಿ ಮಾತ್ರ ಉಳಿದಿತ್ತು. ಫೋಟೋ ಒಂದೂ ಇರಲಿಲ್ಲ. ವರ್ಷ ತುಂಬುವ ತನಕ ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಬೇಡವೆಂದಿದ್ದರು. ತೆಗೆಯಲಿಲ್ಲ. ಆಯುಷ್ಯ ಹೆಚ್ಚಾಗಲೂ ಇಲ್ಲ.

ಆ ದೀಪಾವಳಿಗೆ ಅವ್ವ ನನ್ನನ್ನು ಡೊಂಬಿವಲಿಗೆ ಕಳಿಸಿದಳು, ಜಾಗ ಬದಲಾದರೆ ಮನಸ್ಸು ಹಗುರಾಗುತ್ತದೆ ಎಂದು. ಬೆಳಿಗ್ಗೆ ಗ್ಯಾಲರಿಗೆ ಬಂದೆ. ಬಿಸಿಲಿನಲ್ಲಿ ಗಂಟುಗಳ ಸಾಲು, ತುದಿಯಲ್ಲಿ ತೆಳು ಹಳದಿ, ಲೇಜಿ ಡೇಜಿ. ಅದು ಅಲ್ಲಿಗೆ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಅದರ ಎದುರಿಗೇ ಕೂತೆ.

"ನನಗ ಕೊಡು ಅಬಚಿ."

"ಈಗ ಬ್ಯಾಡ. ನಿನ್ನ ಮಡಿಲಾಗ ಇನ್ನೊಂದು ಬರೂದದ."

"ಬಂದ ಮ್ಯಾಲೆ?"

"ಅದು ದೊಡ್ಡದಾಗಲಿ, ಮದಿವಿ ಆಗಲಿ, ಅದಕ್ಕೂ ಮಕ್ಕಳಾಗಲಿ. ನಾ ಹೋದ ಮ್ಯಾಲೆ ತಗೊಂಡ ಹೋಗು. ಎಲ್ಲಿಗೆ ಓಡಿ ಹೋಗತದ ಇದು? ಹೋಗೂದು ಇದರ ಕಡೆಯಿಂದ ಒಮ್ಮೆ ಆಗೇದ, ಇನ್ನೊಮ್ಮೆ ಆಗೂದಿಲ್ಲ." ಆಮೇಲೆ ಎಣ್ಣೆಯ ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ಇದಕ್ಕ ನೀ ಹಚ್ಚು."

ಅಂದಿನಿಂದ ಪ್ರತಿ ನರಕ ಚತುರ್ದಶಿಗೆ ಠಾಣೆಯಿಂದ ಡೊಂಬಿವಲಿಗೆ ಹೋಗುವುದು ನನ್ನ ವ್ರತವಾಯಿತು. ಮಗ ಹುಟ್ಟಿದ, ಬೆಳೆದ. ಅವನ ತಲೆಗೆ ಎಣ್ಣೆ ಒತ್ತಿ, ಎರೆದು, ತಿಂಡಿ ಕೊಟ್ಟು, ಸ್ಲೋ ಲೋಕಲ್ ಹಿಡಿಯುತ್ತಿದ್ದೆ. ಹಬ್ಬದ ದಿನ ಎಲ್ಲಿಗೆ ಎಂದು ಇವರು ಕೇಳುತ್ತಿರಲಿಲ್ಲ. ವರ್ಷ ವರ್ಷ ಹಳದಿ ಬಣ್ಣ ಎಣ್ಣೆ ಕುಡಿದು ಕಂದಾಯಿತು, ಆಮೇಲೆ ಕಪ್ಪು. ಹೂಗಳು ಕಣ್ಣಿಗೆ ಕಾಣದಾದವು. ಬೆರಳಿಗೆ ಮಾತ್ರ ಸಿಗುತ್ತಿದ್ದವು, ಒಂದೊಂದು ಎಸಳೂ.

ಅಬಚಿಯ ಗಂಡ, ನಮ್ಮ ಕಾಕಾ, ಮೊದಲೇ ಹೋದರು. ಚಾಳು ರೀಡೆವಲಪ್‌ಮೆಂಟಿಗೆ ಹೋದಾಗ ಅವಳನ್ನು ಅವಳ ಮೈದುನನ ಮಗ ತನ್ನ ಫ್ಲ್ಯಾಟಿಗೆ ಕರೆದೊಯ್ದ. ಅದೂ ಡೊಂಬಿವಲಿಯಲ್ಲೇ. ಒಳ್ಳೆಯ ಹುಡುಗ. ಅವನ ಹೆಂಡತಿ ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು, ಮಹಾಪೆಯ ಒಂದು ಐಟಿ ಕಂಪನಿಯಲ್ಲಿ ಕೆಲಸ. ಹಾಸಿಗೆ ಹಿಡಿದ ಮುದುಕಿಯನ್ನು, ಅದೂ ಸ್ವಂತ ಅತ್ತೆಯಲ್ಲದವಳನ್ನು, ಆ ಹುಡುಗಿ ನೋಡಿಕೊಂಡ ಹಾಗೆ ನಮ್ಮ ಮನೆತನದಲ್ಲಿ ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಹೇಳುವುದನ್ನು ಓದಿ ಅವಳ ಮೇಲೆ ಯಾರೂ ಸಿಟ್ಟಾಗಬಾರದು.

ಕೊನೆಯ ವರ್ಷಗಳಲ್ಲಿ ಡಬ್ಬಿ ಅವರ ಲಾಫ್ಟಿನಲ್ಲಿ ಎಲ್ಲೋ ಒಳಗೆ ಸೇರಿತ್ತು. ಅಬಚಿಗೆ ಮರೆವು. ಆದರೆ ನನ್ನನ್ನು ಕಂಡಾಗ ಒಂದೇ ಪ್ರಶ್ನೆ: "ಕೂಸುಗೋಳಿಗೆ ಎಣ್ಣಿ ಹಚ್ಚಿದೇನು?" ಹಚ್ಚಿದೆ ಅನ್ನುತ್ತಿದ್ದೆ. ಒಂದು ದಿನ ಇದ್ದಕ್ಕಿದ್ದಂತೆ ಆ ದಂಪತಿಗಳ ಕಡೆ ತಿರುಗಿ, "ಬೆಳ್ಳಿ ರೂಪಾಯಿ ಡಬ್ಬಿ ಈಕೀಗೆ. ಬ್ಯಾರೆ ಯಾರಿಗೂ ಇಲ್ಲ" ಅಂದಳು. ಬೆಳ್ಳಿ ರೂಪಾಯಿ ಅಂದದ್ದು ಅದೇ ಮೊದಲು. ಹೊರಗಿನವರಿಗೆ ಅರ್ಥವಾಗಲಿ ಎಂದು ಹಾಗೆ ಹೇಳಿದಳೋ, ಕೂಸುಗಳನ್ನೇ ಮರೆತಳೋ ಗೊತ್ತಿಲ್ಲ. ಆ ಮಳೆಗಾಲದಲ್ಲಿ ತೀರಿಕೊಂಡಳು.

ದಿನಕರ್ಮ ಮುಗಿದ ಮೇಲೆ ಡಬ್ಬಿ ಕೇಳಿದೆ. "ಇಷ್ಟು ವಜನ್ ಟ್ರೇನಿನ್ಯಾಗ ನೀವ್ ಯಾಕ ಹೊರ್ತೀರಿ ಮೌಶಿ? ನಾವ ತಂದ ಕೊಡ್ತೀವಿ" ಅಂದಳು ಆ ಹುಡುಗಿ. ಇಷ್ಟು ವರ್ಷ ಕಾದಿದ್ದೇನೆ, ಇನ್ನು ಕೆಲವು ವಾರ ಎಂದುಕೊಂಡೆ.

ಒಂದು ರವಿವಾರ ಬಂದಳು, ಒಬ್ಬಳೇ. ಕೈಯಲ್ಲಿ ಡಬ್ಬಿ ಇರಲಿಲ್ಲ, ಗಿಫ್ಟ್ ಪೇಪರು ಸುತ್ತಿದ ಚೌಕನೆಯದೇನೋ ಇತ್ತು.

"ಮೌಶಿ, ಕಣ್ಣ ಮುಚ್ಚಿಕೋರಿ. ಸರ್‌ಪ್ರೈಜ್ ಅದ."

ಮುಚ್ಚಿದೆ. ತೆರೆದಾಗ ತೊಡೆಯ ಮೇಲೆ ಒಂದು ಕಪ್ಪು ಆಲ್ಬಮ್. ಪುಟ ಪುಟಕ್ಕೂ ಪ್ಲಾಸ್ಟಿಕ್ಕಿನ ಪುಟ್ಟ ಜೇಬುಗಳು, ಒಂದೊಂದು ಜೇಬಿನಲ್ಲೂ ಒಂದೊಂದು ರೂಪಾಯಿ. ಹೊಸದಾಗಿ ಟಂಕಿಸಿದಂತೆ ಹೊಳೆಯುತ್ತಿದ್ದವು.

"ಪಹಿಲಾ ರಾಣಿ, ಆಮ್ಯಾಲೆ ಬೋಳು ತಲಿ ರಾಜಾ, ಲಾಸ್ಟ್‌ಗೆ ಕಿರೀಟದ ರಾಜಾ. ಒಳಗ ಇಯರ್‌ವೈಜ್ ಲಾವ್ಲಂ, ಅಂದ್ರ ಜೋಡಿಸೀನಿ. ಯೂಟ್ಯೂಬ್ ನೋಡಿ ಕಲಿತೆ. ಕಸಾ ವಾಟ್ಲಾ, ಹ್ಯಾಂಗ ಅನಸ್ತು?"

"ಬಟ್ಟಿ?" ಅಂದೆ.

"ಹಾಂ?"

"ಇವಕ್ಕ ಬಟ್ಟಿ ಸುತ್ತಿದ್ದವು."

"ಅಯ್ಯೋ ಮೌಶಿ, ಏನ್ ಕೇಳ್ತೀರಿ! ಎಲ್ಲಾ ಚಿಂದಿ. ಛೀ, ಎಷ್ಟ್ ಚಿಕಟ, ಎಣ್ಣಿ ಎಣ್ಣಿ! ಕತ್ತರೀಲೆ ಒಂದೊಂದ ಕಟ್ ಮಾಡಿ ತಗದೆ. ಪೂರಾ ಸಂಡೇ ಕೂತು ಟೂತ್ ಪೌಡರ್ ಹಚ್ಚಿ ತಿಕ್ಕೀನಿ. ನನ್ನ ಉಗುರ ನೋಡ್ರಿ, ಕರ್ರಗ ಕಾಳೇ ಹೋದ್ವು."

"ಬಟ್ಟಿ ಎಲ್ಲಿ ಅವ?"

"ಸುಕಾ ಕಚರಾದಾಗ ಹಾಕಿದೆ. ಸೊಸೈಟಿ ಕಸದ ಗಾಡಿ ಒಯ್ತದಲ್ಲ, ಒಯ್ದು ಭಾಳ ದಿನಾ ಆತು." ಸ್ವಲ್ಪ ತಡೆದು, "ಬೇಕಾಗಿದ್ವೇನು? ಬರೇ ಚಿಂದಿ ಇದ್ವು ಮೌಶಿ. ಕಲರ್ ಸುದ್ಧಾ ಕಾಣ್ತಿದ್ದಿಲ್ಲ."

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಅವಳು ನನ್ನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ, "ಮೌಶಿ, ಇನ್ನೊಂದು ಗುಡ್ ನ್ಯೂಸ್ ಅದ. ಇನ್ನೂ ಯಾರಿಗೂ ಹೇಳಿಲ್ಲ" ಎಂದು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಮದುವೆಯಾಗಿ ಬಹಳ ವರ್ಷ ಕಾದಿದ್ದಳು. ಯಾವ ದೇವರಿಗೆ, ಯಾವ ಡಾಕ್ಟರಿಗೆ ಎಂದು ನನಗೆಲ್ಲ ಗೊತ್ತಿತ್ತು.

"ನಿಮ್ಮಾಗ ಕೂಸಿನ ಮುಠಿಯೊಳಗ ಸಿಲ್ವರ್ ಕಾಯಿನ್ ಇಡೋ ಪದ್ಧತಿ ಅದಂತಲ್ಲ? ದೊಡ್ಡತ್ತಿಯವ್ರು ಒಮ್ಮೆ ಹೇಳಿದ್ರು. ಸೋ ಸ್ವೀಟ್! ನಮ್ಮ ಬೇಬೀಗೆ ಇದರಾಗಿಂದ ಒಂದ ಕೊಡ್ತೀರೇನ್ರಿ?"

ಅಬಚಿ ಪದ್ಧತಿಯ ಅರ್ಧ ಹೇಳಿದ್ದಳು, ಅರ್ಧ ಹೇಳಿರಲಿಲ್ಲ. ಬಸುರಿ ಹೆಣ್ಣಿಗೆ ಉಳಿದರ್ಧವನ್ನು ನಾನು ಹೇಗೆ ಹೇಳಲಿ? ನೀನು ಒಂದಿಡೀ ರವಿವಾರ ತಿಕ್ಕಿ ಬೆಳಗಿದ್ದು ಏನನ್ನು ಎಂದು? ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಐ ಆ್ಯಮ್ ನಾಟ್ ಸೂಪರ್‌ಸ್ಟಿಷಿಯಸ್, ಎಂದೂ ಇರಲಿಲ್ಲ. ಆದರೂ ಆಲ್ಬಮ್ ಮುಚ್ಚಿ ಅದರ ಮೇಲೆ ಕೈ ಇಟ್ಟೆ.

"ಇವು ಬ್ಯಾಡ. ನಾ ನಿನಗ ಹೊಸಾದು ತಂದ ಕೊಡ್ತೀನಿ, ಲಕ್ಷ್ಮೀದು."

"ಹೊಸಾದು ನಾನೂ ತರ್ತೀನಿ ಮೌಶಿ. ಹಳೇದಂದ್ರ ಹೆರಿಟೇಜ್ ಅಲ್ಲ? ಒಂದ?"

"ಬ್ಯಾಡ ಅಂದೆ."

ದನಿ ನನಗೇ ಒರಟಾಗಿ ಕೇಳಿಸಿತು. ಅವಳ ಮುಖ ಸಣ್ಣದಾಯಿತು. ಚಹಾ ಕುಡಿದಳು, ಟ್ರೇನಿಗೆ ಗರ್ದಿ ಆಗುತ್ತದೆ ಎಂದು ಬೇಗ ಎದ್ದಳು. ನಾನು ಕಂಜೂಸ್ ಮುದುಕಿ ಎಂಬ ಮಾತು ಆಮೇಲೆ ಅವರ ಕಡೆಯಿಂದ ಸುತ್ತಿಕೊಂಡು ನಮ್ಮ ಮನೆಗೂ ಬಂತು. ಬರಲಿ. ಸಿಟ್ಟು ಮಾಡಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಹಚ್ಚಿದ್ದು ಪ್ರೀತಿಯ ಎಣ್ಣೆ, ತಿಕ್ಕಿದ್ದು ಪ್ರೀತಿಯ ಕೈ.

ಮರುದಿನದಿಂದ ಹುಡುಕಲು ಕೂತೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಊಟದ ಟೇಬಲ್ಲಿನ ಮೇಲೆ ರೂಪಾಯಿಗಳನ್ನೆಲ್ಲ ಹರಡಿಕೊಳ್ಳುತ್ತಿದ್ದೆ. ಮೂಸಿದೆ, ಟೂತ್ ಪೌಡರಿನ ಲವಂಗದ ವಾಸನೆ. ಅಂಚು ಮುಟ್ಟಿ ನೋಡಿದೆ. ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದು ಬಿಡಿಸಿದೆ. ಎಲ್ಲವೂ ಒಂದೇ ಥರದ ಗುರುತು ಬಿಟ್ಟವು. ಅವಳದು ರಾಣಿಯದೋ, ರಾಜನದೋ? ನೆನಪಾಗಲಿಲ್ಲ. ಆ ದಿನ ನಾನು ಅವಳ ಮುಖ ನೋಡುತ್ತಿದ್ದೆ. ಯಾವ ತಾಯಿ ರೂಪಾಯಿ ನೋಡುತ್ತಾಳೆ? ಮೇಲಿನ ಇಸವಿಗಳಿಂದಲೂ ಉಪಯೋಗವಿಲ್ಲ, ಅವು ಮುತ್ತಜ್ಜನ ಕಾಲದವು, ಯಾವ ಕೂಸು ಹುಟ್ಟಿದ ವರ್ಷವೂ ಅಲ್ಲ. ಆ ಹುಡುಗಿ ಎಷ್ಟು ನೀಟಾಗಿ ಜೋಡಿಸಿದ್ದಳು! ರಾಜರುಗಳೆಲ್ಲ ತಮ್ಮ ತಮ್ಮ ಸಾಲಿನಲ್ಲಿ ಇದ್ದರು. ನಮ್ಮ ಮಕ್ಕಳು ಮಾತ್ರ ಕಲೆತು ಹೋಗಿದ್ದರು.

ಒಂದು ಸಮಾಧಾನ ಇತ್ತು. ಯಾವುದೆಂದು ಗೊತ್ತಿಲ್ಲದಿದ್ದರೂ, ಇದರಲ್ಲೇ ಒಂದು ಅವಳದು. ಆಲ್ಬಮನ್ನು ಎದೆಗೆ ಒತ್ತಿಕೊಂಡರೆ ಅವಳದೂ ಒತ್ತುತ್ತದೆ. ಸಿಲ್ಲಿ, ಆದರೆ ಆ ವಯಸ್ಸು ಬಂದಿದೆ.

ಆಮೇಲೆ ವಿಠ್ಠಲವಾಡಿಯಿಂದ ಅಕ್ಕನ ಫೋನ್ ಬಂತು. ಅಕ್ಕ ಅಂದರೆ ದೊಡ್ಡ ಮಾಮಾನ ಮಗಳು, ನಮ್ಮ ತಲೆಮಾರಿನಲ್ಲಿ ಎಲ್ಲರಿಗಿಂತ ಹಿರಿಯಳು. ಮಗಳ ಮನೆಯಲ್ಲಿ ಇದ್ದಳು. ಕಣ್ಣು ಹೆಚ್ಚು ಕಡಿಮೆ ಹೋಗಿತ್ತು, ಮಾತು ಮೊನಚಾಗಿತ್ತು.

"ಏ ಇಂಗ್ಲಿಷ್ ಮೇಡಮ್, ಬದುಕಿದಿ ಇಲ್ಲೋ? ಡಬ್ಬಿ ನಿನಗ ಬಂದದಂತ ಕೇಳಿದೆ. ನಂದು ತಂದ ಕೊಟ್ಟಬಿಡು."

ಅಕ್ಕನ ಮೊದಲ ಮಗ ನಡೆಯಲು ಕಲಿತ ಮೇಲೆ ಹೋದವನು.

"ನನಗೇನು ಇನ್ನ ಭಾಳ ದಿನ ಇಲ್ಲ. ಮಗಳಿಗೆ ಹೇಳೀನಿ, ಸೆರಗಿನ ತುದಿಗೆ ಕಟ್ಟಿ ಕಳಸು ಅಂತ. ಕೆಂಪು ಖಣದ ಕುಂಚಿಗಿ ನನ್ನ ಹುಡುಗಂದು. ನೆನಪದ ಇಲ್ಲೋ? ಗುರ್ತ ಸಿಗತದ ನಿನಗ, ಅದೊಂದ ಕೆಂಪಿತ್ತು."

"ಸಿಗತದ ಅಕ್ಕಾ," ಅಂದೆ.

ಫೋನಿಟ್ಟ ಮೇಲೆ ಬಹಳ ಹೊತ್ತು ಯೋಚಿಸಿದೆ. ಸತ್ಯ ಹೇಳಬಹುದಿತ್ತು. ಆದರೆ ಸತ್ಯ ಕೇಳಿ ಅಕ್ಕ ಮಾಡುವುದೇನಿತ್ತು? ನನ್ನ ಹಾಗೆ ಕೂತು ಮೂಸಿ ನೋಡಲು ಅವಳಿಗೆ ದಿನಗಳೂ ಇರಲಿಲ್ಲ. ಠಾಣೆ ಸ್ಟೇಶನ್ನಿನ ಹತ್ತಿರದ ಪೇಟೆಗೆ ಹೋಗಿ ಕೆಂಪು ಖಣದ ತುಂಡು ತಂದೆ. ಸೋಡಾ ಹಾಕಿ ಕುದಿಸಿ ಬಣ್ಣ ಇಳಿಸಿದೆ. ಎಣ್ಣೆಯಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಮತ್ತೆ ಅದ್ದಿ, ದೀಪದ ಮಸಿ ತಿಕ್ಕಿ, ಹಲವು ದಿನ ಹೀಗೇ ಮಾಡಿದೆ. "ಅಡಿಗಿಮನಿ ಏನ್ ವಾಸನಿ ಹೊಡ್ಯಾಕತ್ತದ ಆಯಿ?" ಎಂದು ಮಗ ಕೇಳಿದ. ಕ್ರಾಫ್ಟ್ ಮಾಡುತ್ತಿದ್ದೇನೆ ಅಂದೆ.

ಬಟ್ಟೆ ತಯಾರಾಯಿತು. ಅದರೊಳಗೆ ಯಾವ ರೂಪಾಯಿ ಇಡಬೇಕು?

ಅದೇ ಕಷ್ಟವಾಯಿತು. ಒಂದನ್ನು ಎತ್ತಿಕೊಳ್ಳುತ್ತಿದ್ದೆ, ಇದೇ ನನ್ನ ಮಗಳದಿದ್ದರೆ ಅನ್ನಿಸಿ ಮತ್ತೆ ಆಲ್ಬಮಿನ ಜೇಬಿಗೇ ಹಾಕುತ್ತಿದ್ದೆ. ಇನ್ನೊಂದು ಎತ್ತಿದರೆ ಅದೂ ಹಾಗೇ. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಸವೆದದ್ದೊಂದನ್ನು ಆರಿಸಿದೆ, ರಾಣಿಯ ಮೂಗು ಅಳಿಸಿಹೋದದ್ದು. ಅಕ್ಕನ ಹುಡುಗ ಎಲ್ಲರಿಗಿಂತ ಹೆಚ್ಚು ದಿನ ಬದುಕಿದವನು, ಬಾಯಲ್ಲಿಟ್ಟು ಚೀಪಿರಬಹುದು, ನೆಲಕ್ಕೆ ತಿಕ್ಕಿರಬಹುದು, ಅವನದೇ ಸವೆದಿರಬೇಕು. ಇದು ಲಾಜಿಕ್ ಹೌದೋ ಅಲ್ಲವೋ, ನನ್ನ ಕೈಗೆ ಅಷ್ಟು ನೆಪ ಸಾಕಾಯಿತು. ಸುತ್ತಿ ಹೊಲಿದೆ.

ವಿಠ್ಠಲವಾಡಿಗೆ ಮಧ್ಯಾಹ್ನದ ಟ್ರೇನಿನಲ್ಲಿ ಹೋದೆ. ಅಕ್ಕ ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದಳು. ಮಗಳು ನೀರು ಕೊಟ್ಟು ಒಳಗೆ ಹೋದಳು. ಗಂಟನ್ನು ಅಕ್ಕನ ಅಂಗೈಯಲ್ಲಿ ಇಟ್ಟೆ. ಅವಳು ಅದನ್ನು ಮೂಗಿಗೆ ಹಿಡಿದಳು, ಕೆನ್ನೆಗೆ ಹಿಡಿದಳು.

"ಅಬಚಿ ಎಣ್ಣಿ ವಾಸನಿ."

"ಹೂಂ."

"ಖಣ ಅದ. ಅಂಚಿನ್ಯಾಗ ದಡಿ ಸಿಗತದ." ಹೆಬ್ಬೆರಳಿನಿಂದ ಹೊಲಿಗೆಯ ಸುತ್ತ ಒಂದು ಸುತ್ತು ಬಂದಳು. ಮತ್ತೊಂದು ಸುತ್ತು. ಬೆರಳು ನಿಂತಿತು.

"ಅಬಚಿ ಹೊಲಿಗಿ ಗೋಣಿ ಚೀಲ ಹೊಲ್ದಂಗ ಇರತಿತ್ತು," ಅಂದಳು. "ಇಷ್ಟ ಸಣ್ಣ ಎಂದ ಹೊಲ್ದಳವಾ ಆಕಿ?"

ಅಕ್ಕಿಕಾಳಿಗಿಂತ ದೊಡ್ಡದಾಗಬಾರದು. ಆ ಸಿಸ್ಟರ್ ಇದ್ದಿದ್ದರೆ ಶಭಾಷ್ ಅನ್ನುತ್ತಿದ್ದರು. ಎಣ್ಣೆ, ಮಸಿ, ಖಣ, ಎಲ್ಲ ಯೋಚಿಸಿದ್ದೆ. ನನ್ನ ಕೈಯನ್ನೇ ಮರೆತಿದ್ದೆ. ಹೊರಗೆ ಯಾವುದೋ ಟ್ರೇನು ಹಾದುಹೋಯಿತು, ಕಿಟಕಿಯ ಸರಳು ಅದುರಿತು.

ಅಕ್ಕ ಗಂಟನ್ನು ಮುಷ್ಟಿಯಲ್ಲಿ ಬಿಗಿದುಕೊಂಡಳು. ಅವಳಿಗೆ ತಿಳಿಯಿತು, ನನಗೆ ಅದರಲ್ಲಿ ಅನುಮಾನವಿಲ್ಲ. ಮುಷ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂದಳು:

"ಇರ್ಲಿ. ಚಲೋ ಹೊಲ್ದಾಳ."

ಆಮೇಲೆ, "ನಿಂದು ಎಲ್ಲೆದ?"

"ಮನ್ಯಾಗ ಅದ ಅಕ್ಕಾ."

"ಗುರ್ತ ಅದ ಅಲ್ಲ?"

"ಅದ."

"ಹಂಗಾರ ಯಾರಿಗೂ ಕೊಡಬ್ಯಾಡ ಮತ್ತ ಅದನ್ನ," ಅಂದಳು ಅಕ್ಕ, ಕಾಣದ ಕಣ್ಣನ್ನು ನನ್ನ ಮೇಲೇ ಇಟ್ಟು.

ತಿರುಗಿ ಬರುವಾಗ ಕಲ್ಯಾಣದ ಹೊರಗೆ ಸಿಗ್ನಲ್ಲಿಗೆ ಟ್ರೇನು ನಿಂತಿತು. ಲೇಡೀಸ್ ಡಬ್ಬಿಯಲ್ಲಿ ಯಾರೋ ಬಟಾಣಿ ಸುಲಿಯುತ್ತಿದ್ದರು. ಆಗ ನನಗೆ ಹೊಳೆದದ್ದು, ಮನೆಯಲ್ಲೇ ಹೊಳೆಯಬೇಕಾಗಿದ್ದದ್ದು. ಇವತ್ತು ಬೆಳಗಿನ ತನಕ ಆಲ್ಬಮಿನಲ್ಲಿ ನನ್ನ ಮಗಳು ಖಂಡಿತ ಇದ್ದಳು. ಈಗ ಇರಬಹುದು ಅಷ್ಟೇ.

ನವರಾತ್ರಿಯ ಹೊತ್ತಿಗೆ ಅಕ್ಕ ಹೋದಳು. ಹೇಳಿದ ಹಾಗೆ ಮಗಳು ಸೆರಗಿನ ತುದಿಗೆ ಗಂಟು ಕಟ್ಟಿ ಕಳಿಸಿದಳಂತೆ. ಕರೆಂಟಿನ ಚಿತೆ. ಮರುದಿನ ಕೊಟ್ಟ ಬೂದಿಯಲ್ಲಿ ಬೆಳ್ಳಿ ಇತ್ತೇ ಎಂದು ನಾನು ಕೇಳಲಿಲ್ಲ. ಅದು ಅಕ್ಕನ ಹುಡುಗನದೇ ಆಗಿದ್ದರೆ ಸರಿ. ನನ್ನ ಹುಡುಗಿಯದಾಗಿದ್ದರೆ, ಮೊದಲ ಸಲ ಗಂಡಸರ ಜೊತೆ ಖಾಡಿಯ ಕಡೆ ಹೋದವಳು, ಈ ಸಲ ಒಬ್ಬ ಹೆಂಗಸಿನ ಸೆರಗು ಹಿಡಿದು ಹೋದಳು.

ಈ ನರಕ ಚತುರ್ದಶಿಯ ಬೆಳಿಗ್ಗೆ ಆ ಹುಡುಗಿ ವಿಡಿಯೋ ಕಾಲ್ ಮಾಡಿದಳು. ಹೊಟ್ಟೆ ದೊಡ್ಡದಾಗಿದೆ, ಮುಖ ತುಂಬಿಕೊಂಡಿದೆ. ಸಿಟ್ಟು ಮರೆತಿದ್ದಳು. ನಾನು ಕಳಿಸಿದ ಲಕ್ಷ್ಮೀ ನಾಣ್ಯ ಸಿಕ್ಕಿತು ಎಂದಳು. ಕೊನೆಗೆ, "ಮೌಶಿ, ಕಾಯಿನ್ಸ್ ಇನ್ನೂ ಚಮಕ್ ಅದಾವಲ್ಲ? ಗಾಳಿ ಬಿಡಬ್ಯಾಡ್ರಿ, ಕಾಳೇ ಹೋಗ್ತಾವ" ಅಂದಳು.

"ಚಮಕ್ ಅದಾವ," ಅಂದೆ. ನೀನು ಎಣ್ಣೆ ಹಚ್ಚಿಕೊಂಡು ಎರೆದುಕೊಂಡೆಯಾ, ಹೊಟ್ಟೆಗೂ ಹಚ್ಚಿಕೋ ಎಂದು ಹೇಳಿ ಫೋನಿಟ್ಟೆ.

ಬಾಲ್ಕನಿಯಲ್ಲಿ ಸ್ವಲ್ಪ ಬಿಸಿಲು ಬರುತ್ತದೆ. ಅಲ್ಲಿ ಕೂತು ಆಲ್ಬಮ್ ತೆರೆದೆ. ಬಟ್ಟಲಲ್ಲಿ ಎಣ್ಣೆ. ಒಂದೊಂದು ಜೇಬಿನ ಬಾಯಿ ಅಗಲಿಸಿ, ಬೆರಳು ತೂರಿಸಿ, ಪ್ರತಿಯೊಂದರ ಮೇಲೂ ಒಂದು ಹನಿ ಹಚ್ಚಿದೆ. ಇಷ್ಟು ವರ್ಷ ಒಂದಕ್ಕೇ ಹಚ್ಚಿದವಳು, ಈಗ ಎಲ್ಲಕ್ಕೂ. ಪ್ಲಾಸ್ಟಿಕ್ಕಿನೊಳಗೆ ಎಣ್ಣೆ ಹರಡಿ ರಾಜರ ಮುಖಗಳು ಮಸುಕಾದವು. ರಾಣಿಯ ಪುಟದಲ್ಲಿ ಒಂದು ಜೇಬು ಖಾಲಿ ಇತ್ತು. ಅದನ್ನು ದಾಟಿ ಮುಂದಿನದಕ್ಕೆ ಹೋದೆ. ಪುಟ ತಿರುವುವ ಮೊದಲು ಹಿಂದಕ್ಕೆ ಬಂದು, ಬೆರಳನ್ನು ಮತ್ತೆ ಎಣ್ಣೆಯಲ್ಲಿ ಅದ್ದಿ, ಆ ಖಾಲಿ ಜೇಬಿಗೂ ಹಚ್ಚಿದೆ.